ಒಂದು ಹೆಜ್ಜೆ ಮುಂದೆ

ಸಮಾನತೆಯ ಸಂವಾದಕ್ಕೆಂದು ಹಾಸ್ಟೆಲ್ ಹುಡುಗರೆಲ್ಲ ಮೆಸ್ಸಿನ ಬಾಗಿಲಿಗೆ ಬೆನ್ನು ಮಾಡಿ ಸಾಲಾಗಿ ನಿಂತಿದ್ದರು. ಸಂವಾದ ನಡೆಸಲು ಬಂದ ಮೇಡಂ ಪ್ರಶ್ನೆ ಕೇಳುವುದು, ಹೌದೆನ್ನುವವರು ಒಂದು ಹೆಜ್ಜೆ ಮುಂದಿಡುವುದು.

“ಅಪ್ಪ ಕಾಲೇಜು ಓದಿದ್ದಾರಾ?”

“ಓದೋಕೆ ಬೇರೆ ಕೋಣೆ ಇತ್ತಾ?”

“ಜಾತಿ ಕೇಳದೆ ಬಾಡಿಗೆಗೆ ಮನೆ ಕೊಡ್ತಾರಾ?”

ಉಳಿದವರೆಲ್ಲ ಒಂದೋ ಎರಡೋ ಹೆಜ್ಜೆಯಾದರೂ ಮುಂದೆ ಹೋದರು. ಯಮನಪ್ಪ ಮಾತ್ರ ನಿಂತಲ್ಲೇ ಉಳಿದ.

ಮೇಡಂ ಕಣ್ಣು ಒದ್ದೆಯಾಯಿತು. “ಎಲ್ಲರಿಗಿಂತ ಹಿಂದೆ ಉಳಿದಾಗ ಏನನಿಸುತ್ತಪ್ಪಾ? ಮನಸ್ಸು ಬಿಚ್ಚಿ ಹೇಳು.”

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಬುಧವಾರ ಕೋಳಿ ಸಾರು. ಕಾಲಿನ ತುಂಡು ಸಿಗುವುದು ಮೊದಲ ಹತ್ತು ಮಂದಿಗಷ್ಟೇ.

“ಹಸಿವಾಗೇತ್ರೀ ಮೇಡಂ,” ಎಂದ ಯಮನಪ್ಪ, ಬೆನ್ನ ಹಿಂದಿನ ಮೆಸ್ಸಿನ ಬಾಗಿಲು ತೆರೆದು ಗೆಳೆಯರತ್ತ ನೋಡಿದ.

“ಯಾರೂ ಸಾಲು ಕೆಡಿಸಬ್ಯಾಡ್ರಿ. ನಿಂತಂಗ ಈ ಕಡೆ ಹೊಳ್ಳಿ, ನನ್ನ ಹಿಂದ ಬರ್ರಿ.”