ಆಮೆ ಕಾಯುವ ಮಸಾಯಿ

ಮುದುಕ ಜೀಪಿನಿಂದ ಇಳಿದದ್ದೇ ತಡ, ಜೆಫ್ವಾ ಅಡುಗೆಮನೆಯ ಹಿಂದಕ್ಕೆ ಸರಿದು ನಿಂತ.

ಮುದುಕನ ಮೈಮೇಲೆ ಕೆಂಪು ಶುಕಾ ಹೊದಿಕೆ, ಕೊರಳಲ್ಲಿ ಮಣಿಸರ, ಕಾಲಲ್ಲಿ ಟೈರಿನ ಚಪ್ಪಲಿ, ಆ ಸೆಕೆಯಲ್ಲೂ ಕಿವಿ ಮುಚ್ಚುವ ಉಣ್ಣೆಯ ಟೋಪಿ. ತ್ಸಾವೊ ಕಾಡಿನ ಕ್ಯಾಂಪಿನಲ್ಲಿ ಆನೆ ನೋಡಿ ಮುಗಿಸಿದ ಅತಿಥಿಗಳ ಜೊತೆ ಈ ಸಲ ಮಸಾಯಿ ಬುಡಕಟ್ಟಿನ ಹಿರಿಯರೊಬ್ಬರೂ ಕಡಲಿಗೆ ಬರುತ್ತಾರೆ ಎಂದು ಮ್ಯಾನೇಜರ್ ನೆರಿಯಾ ಮೇಡಂ ವಾರದಿಂದ ಸಾರುತ್ತಿದ್ದರು. ಜೆಫ್ವಾ ಇದ್ದದ್ದೂ ಅದೇ ಕೆಂಪು ಬಟ್ಟೆಯಲ್ಲಿ. ಆದರೆ ಅವನು ಮಸಾಯಿ ಅಲ್ಲ.

ಕೀನ್ಯಾದ ವಟಾಮು ತೀರದಲ್ಲಿ ಕಾವಲಿಗೆ ಎಲ್ಲರಿಗೂ ಮಸಾಯಿಗಳೇ ಬೇಕು. ಸಿಂಹಕ್ಕೆ ಹೆದರದವನು ಕಳ್ಳನಿಗೆ ಹೆದರುತ್ತಾನೆಯೇ ಎಂಬುದು ಹೋಟೆಲಿನವರ ತರ್ಕ. ಟಕಾವುಂಗು ಊರಿನ ಗಿರಿಯಾಮ ಕುಲದ ಮೀನುಗಾರನ ಮಗನಾದ ಜೆಫ್ವಾನಿಗೆ ಯಾರೂ ಕೆಲಸ ಕೊಡಲಿಲ್ಲ. ಮೂರು ವರ್ಷದ ಹಿಂದೆ ಅವನು ಸಂತೆಯಲ್ಲಿ ಕೆಂಪು ಬಟ್ಟೆ ಕೊಂಡು, ಲೆಕಿಷೋನ್ ಎಂದು ಹೆಸರಿಟ್ಟುಕೊಂಡ. ಮರುದಿನವೇ ಕೆಲಸ ಸಿಕ್ಕಿತು. ಮೊಟ್ಟೆಯಿಡಲು ಬರುವ ಕಡಲಾಮೆಗಳನ್ನು ಕಾಯುವ ಕೆಲಸ. ಮರಳಿನ ಮೇಲಿನ ಒಂದು ಗೀರು ನೋಡಿದರೆ ಸಾಕು, ಗೂಡೆಲ್ಲಿದೆ ಎಂದು ಅವನು ಹೇಳಿಬಿಡುತ್ತಿದ್ದ. ಸಿಂಹ ಬೇಟೆಯಾಡಿದ ಕುಲದವನು ಆಮೆಮರಿ ಕಾಯುತ್ತಾನಲ್ಲ ಎಂದು ಅತಿಥಿಗಳು ಕಣ್ಣೊರೆಸಿಕೊಳ್ಳುತ್ತಿದ್ದರು. ಕುಲ ಸುಳ್ಳಾದರೂ ಪ್ರೀತಿ ಸುಳ್ಳಲ್ಲ; ಆಮೆಗಳೆಂದರೆ ಅವನಿಗೆ ಜೀವ.

ಕಷ್ಟ ಇದ್ದದ್ದು ಊಟದಲ್ಲಿ. ಮಸಾಯಿಗಳಿಗೆ ಮೀನು ವರ್ಜ್ಯ. ತೆಂಗಿನಹಾಲಿನ ಮೀನುಸಾರಿನ ಘಮದ ನಡುವೆ ಕೂತು ಮೂರು ವರ್ಷದಿಂದ ಜೆಫ್ವಾ ಬರೀ ಹಾಲು ಕುಡಿಯುತ್ತಿದ್ದ.

ಈ ಕಡಲತೀರದ ಕ್ಯಾಂಪಿನ ಬಾಗಿಲಲ್ಲಿ ಹಲಗೆಯೊಂದಿದೆ: ಇಲ್ಲಿ ಪ್ಲಾಸ್ಟಿಕ್ ಇಲ್ಲ, ನಕಲಿ ಇಲ್ಲ. ಹೋದ ವರ್ಷ ಪಕ್ಕದ ಹೋಟೆಲಿನಲ್ಲಿ ಒಬ್ಬ ನಕಲಿ ಮಸಾಯಿ ಸಿಕ್ಕಿಬಿದ್ದಾಗ ಅವನ ಫೋಟೊ ತೀರದ ಎಲ್ಲ ಗೇಟುಗಳಲ್ಲೂ ಅಂಟಿತು. ಈಗ ತನ್ನ ಸರದಿ ಎಂದು ಜೆಫ್ವಾನಿಗೆ ಖಾತ್ರಿಯಾಯಿತು. ಅದೂ ಎಂಥ ಹೊತ್ತಿನಲ್ಲಿ! ಐವತ್ತೈದು ದಿನ ಕಾದ ಗೂಡಿನಿಂದ ಇನ್ನೆರಡು ದಿನದಲ್ಲಿ ಮರಿಗಳು ಹೊರಬೀಳುವುದಿತ್ತು.

ಮೇಡಂ ಕೂಗಿದರು. ಹೋಗದೆ ವಿಧಿಯಿರಲಿಲ್ಲ. ಹಿರಿಯರ ಮುಂದೆ ಮಸಾಯಿ ಕಿರಿಯರು ಮಾಡುವಂತೆ ಜೆಫ್ವಾ ತಲೆ ಬಗ್ಗಿಸಿ ನಿಂತ. ಮುದುಕ ತಲೆ ಮುಟ್ಟಿದ. ಕೈ ಸಣ್ಣಗೆ ನಡುಗುತ್ತಿತ್ತು. ವಯಸ್ಸಾಗಿದೆ ಪಾಪ, ಅಂದುಕೊಂಡ ಜೆಫ್ವಾ.

"ಸೋಪಾ," ಎಂದ ಮುದುಕ.

"ಈಪಾ," ಎಂದ ಜೆಫ್ವಾ.

ಕುಶಲ ಕೇಳುವ ಅಷ್ಟು ಮಸಾಯಿ ಮಾತು ಕೀನ್ಯಾದಲ್ಲಿ ಯಾರಿಗೆ ತಾನೆ ಬಾರದು? ಎರಡನೆಯ ಮಾತಿಗೆ ಅವನು ಕಾಯಲಿಲ್ಲ. ಗೂಡು ನೋಡಬೇಕೆಂದು ನೆಪ ಹೇಳಿ ಅಲ್ಲಿಂದ ಕಾಲ್ತೆಗೆದ.

ಮಧ್ಯಾಹ್ನ ಮೇಡಂ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದರು. ಮೀನಿನ ತಟ್ಟೆ ಬಂತು. ಮುದುಕ ಬೇಡವೆಂದು ಕೈಯಾಡಿಸಿದ. ತಟ್ಟೆ ಜೆಫ್ವಾನತ್ತ ಸರಿಯಿತು. ಮುದುಕನ ಕಣ್ಣೂ ತಟ್ಟೆಯ ಹಿಂದೆಯೇ ಸರಿಯಿತು. ಇದು ಪರೀಕ್ಷೆಯೇ ಸರಿ ಎಂದು ಜೆಫ್ವಾ ಮುಖ ಸಿಂಡರಿಸಿ, ಎಲ್ಲರೂ ಆಡುವ ತೀರದ ಭಾಷೆಯಲ್ಲೇ ಹೇಳಿದ.

"ಈ ಕಡಲ ಹುಳ ಎಲ್ಲ ನಮಗೆ ಸೇರಲ್ಲ."

"ಹೌದು ಮಗಾ, ನಮ್ಮಂಥೋರಿಗೆ ಎಲ್ಲಿ ಸೇರುತ್ತೆ," ಎಂದು ಮುದುಕ ನಿಟ್ಟುಸಿರಿಟ್ಟ.

ಆ ನಿಟ್ಟುಸಿರು ವ್ಯಂಗ್ಯದಂತೆ ಜೆಫ್ವಾನ ಎದೆಗೆ ಚುಚ್ಚಿತು. ಅಷ್ಟರಲ್ಲಿ ಬಿರ್ಗಿಟ್ ಎಂಬ ಜರ್ಮನ್ ಅತಿಥಿ ಫೋನು ಹಿಡಿದು ಎದುರು ಕೂತಳು. ಇಬ್ಬರೂ ನಿಮ್ಮ ಮಸಾಯಿ ಭಾಷೆಯಲ್ಲಿ ಮಾತಾಡಿ, ಧ್ವನಿ ಹಿಡಿದಿಟ್ಟುಕೊಳ್ಳುತ್ತೇನೆ ಎಂದಳು. ಜೆಫ್ವಾ ಮುದುಕನನ್ನು ನೋಡಿದ. ಮುದುಕ ಅವನನ್ನು ನೋಡಿದ. ಕೊನೆಗೆ ಮುದುಕ ಕೆಮ್ಮಿ, ಊಟದ ಮುಂದೆ ಕೂತು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ ಎಂದ. ಹಿರಿಯರೆದುರು ಕಿರಿಯರು ಬಾಯಿ ತೆರೆಯುವ ಪದ್ಧತಿಯಂತೂ ಇಲ್ಲವೇ ಇಲ್ಲ ಎಂದು ಜೆಫ್ವಾ ಸೇರಿಸಿದ. ಬಿರ್ಗಿಟ್ ಎರಡನ್ನೂ ಭಕ್ತಿಯಿಂದ ಬರೆದುಕೊಂಡಳು.

ಮುದುಕನಿಗೆ ಎಲ್ಲ ಗೊತ್ತಾಗಿದೆ, ಬೆಕ್ಕು ಇಲಿಯನ್ನು ಆಡಿಸುವ ಹಾಗೆ ಆಡಿಸುತ್ತಿದ್ದಾನೆ ಎಂದು ಜೆಫ್ವಾ ಕುದಿದ. ಸಂಜೆ ಅತಿಥಿಗಳು ದೋಣಿ ಹತ್ತಲು ಹೊರಟಾಗ ಮುದುಕ ಆಕಾಶ ನೋಡಿ, ಗಾಳಿ ತಿರುಗುತ್ತದೆ, ಬೇಡ ಎಂದ. ಅರ್ಧ ಗಂಟೆಯಲ್ಲಿ ಗಾಳಿ ತಿರುಗಿಯೇಬಿಟ್ಟಿತು. ಜೆಫ್ವಾ ಮುಖ ತಿರುಗಿಸಿಕೊಂಡ. ಬಂದ ದಿನವೇ ಕಡಲನ್ನು ಓದಿದವನಿಗೆ ತನ್ನ ಮುಖ ಓದುವುದು ಯಾವ ದೊಡ್ಡ ವಿಷಯ?

ಮಲಗಲು ಹೊರಟಾಗ ಮುದುಕ ಅವನ ಭುಜ ಹಿಡಿದು ನಿಲ್ಲಿಸಿದ. ಬೆಳಗ್ಗೆ ಗೂಡಿನ ಹತ್ತಿರ ಒಬ್ಬನೇ ಬಾ ಎಂದ.

ಬೆಳಗ್ಗೆ ಜೆಫ್ವಾ ಗಂಟು ಕಟ್ಟಿಟ್ಟೇ ಹೋದ. ಗೂಡಿನ ಮೇಲಿನ ಮರಳು ನಡುವೆ ಕುಸಿದಿತ್ತು. ಒಳಗೆ ಮರಿಗಳು ಎದ್ದಿವೆ, ಇವತ್ತೇ ಹೊರಡುತ್ತವೆ. ನೋಡುವ ಯೋಗ ತನಗಿಲ್ಲವಲ್ಲ ಎಂದು ಅವನಿಗೆ ಅಳುವೇ ಬಂತು. ಮುದುಕ ಬಂದು ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡ.

"ಅಜ್ಜಾ, ನಾನೇ ಮೇಡಂ ಹತ್ರ ಹೋಗಿ ಎಲ್ಲ ಹೇಳಿಬಿಡ್ತೀನಿ," ಎಂದ ಜೆಫ್ವಾ, ತಲೆ ತಗ್ಗಿಸಿ.

ಮುದುಕ ಮರಳಿನ ಮೇಲೆ ಮಂಡಿಯೂರಿ ಅವನ ಎರಡೂ ಕೈ ಹಿಡಿದುಕೊಂಡ. "ಹೇಳಬೇಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ಕಾಡಲ್ಲಿ ಹದಿನೆಂಟು ವರ್ಷ ಹೇಗೋ ನಡೀತು, ನಿನ್ನಂಥ ಅಸಲಿ ಮಸಾಯಿ ಕಣ್ಣಿಗೆ ಮಣ್ಣೆರಚೋಕಾಗುತ್ತಾ? ನಾನು ಮಾಲಿಂದಿಯ ಮೀನುಗಾರ ಕಣಪ್ಪಾ."