ಹಗುರ ತಂತಿ

ಸಾಹುಕಾರರು ತಾವೇ ಕಾರಿನ ಬಾಗಿಲು ತೆಗೆದು, ಮ್ಯಾಂಡೊಲಿನ್ ವಾದಕನೊಬ್ಬನ ಹೆಗಲು ಹಿಡಿದು ಅಂಗಡಿಯೊಳಗೆ ಕರೆತಂದದ್ದು ನೋಡಿ, ವಾದ್ಯ ರಿಪೇರಿಯ ದಾವಲಸಾಬನ ಎದೆ ತುಂಬಿ ಬಂತು. ಇಂಥ ದೊಡ್ಡವರೂ ಇರುತ್ತಾರಲ್ಲ!

“ಇವನ ಬೆರಳಾಗ ಬಲ ಇಲ್ಲ. ನೋವಾಗದಂಗ ಬಾರಿಸೋವಂಥಾದ್ದು ಒಂದು ಕೊಡು. ನಾಳೆ ನನ್ನ ಸಣ್ಣ ಮಗಳ ಮದುವಿ. ಬ್ಯಾರೇದವರು ಬ್ಯಾಡ, ಇವನೇ ಬಾರಿಸಬೇಕು.”

ಮೂರು ಮ್ಯಾಂಡೊಲಿನ್ ಕೈಗೆ ಕೊಟ್ಟರೂ ವಾದಕನಿಗೆ ತಂತಿ ಒತ್ತಲಾಗಲಿಲ್ಲ. ಹಣೆ ಬೆವರಿತು. ದಾವಲಸಾಬ ನಾಲ್ಕನೆಯದನ್ನು ತೊಡೆಯ ಮೇಲಿಟ್ಟುಕೊಂಡು, ಜೋಡಿ ತಂತಿಗಳಲ್ಲಿ ಒಂದೊಂದನ್ನು ಬಿಚ್ಚಿ ತೆಗೆದ. ತಂತಿ ಹೊರುವ ಕುದುರೆಯನ್ನು ಉಜ್ಜಿ ಉಜ್ಜಿ ತಗ್ಗಿಸಿದ. ಈಗ ಸ್ವರ ಹೊರಟಿತು, ತೀರಾ ತೆಳ್ಳಗೆ.

“ಇಷ್ಟು ಸಾಲೂದಿಲ್ಲ,” ಅಂದರು ಸಾಹುಕಾರರು.

“ಸಾಲ್ತದ್ರೀ ಧಣ್ಯಾರ, ಬಾರಸ್ತೀನ್ರೀ, ಖರೇನ ಬಾರಸ್ತೀನ್ರೀ!” ವಾದಕ ಗಡಬಡಿಸಿ ಮತ್ತೆ ಒತ್ತಿದ. ಬೆರಳುಗಳು ತಂತಿಯಿಂದ ಜಾರಿದವು.

ದಾವಲಸಾಬನಿಗೆ ಅಯ್ಯೋ ಅನಿಸಿತು. “ಕೈಗೆ ಏನಾತೋ ತಮ್ಮಾ? ಲಕ್ವಾ ಹೊಡೀತೇನು?”

ವಾದಕ ಕೈ ಹಿಂದಕ್ಕೆಳೆದುಕೊಂಡ. ಸಾಹುಕಾರರೇ ಅವನ ಬೆನ್ನು ಸವರುತ್ತ ಹೇಳಿದರು:

“ದೊಡ್ಡ ಮಗಳ ಮದುವ್ಯಾಗ ಬಾರಿಸೂದಿಲ್ಲ ಅಂದಿದ್ದ.”