ಎರಡು ಪುಸ್ತಕದ ಹುಲ್ಲುಕಡ್ಡಿ

ಹೊಸ ಭತ್ತದ ಹುಲ್ಲಿನ ವಾಸನೆ ಬಂದರೆ ಇವತ್ತಿಗೂ ನನಗೆ ಅಕ್ಕನ ಮಂಚ ನೆನಪಾಗುತ್ತದೆ.

ಶಹಾಪುರದ ನಮ್ಮ ಹೊಲಕ್ಕೆ ಕಾಲುವೆ ನೀರು ಬಂದು, ಜೋಳ ಹೋಗಿ ಭತ್ತ ನಿಂತ ವರ್ಷವದು. ಹಾಸಿಗೆ ಹಿಡಿದಿದ್ದ ಅಕ್ಕನಿಗೆ ಮಧ್ಯಾಹ್ನ ನಾನು ಎರಡು ಪುಸ್ತಕ ಓದಿ ಹೇಳುತ್ತಿದ್ದೆ. ಒಂದು, ಚರ್ಚಿನ ಅಯ್ಯನವರು ಕೊಟ್ಟ, ವಿಶ್ವಾಸಿಗಳು ಹೇಗೆ ಬದುಕಬೇಕೆಂಬ ಪುಸ್ತಕ. ಇನ್ನೊಂದು, ಮೀನಿನ ಬೆನ್ನೇರಿ ಆಕಾಶಕ್ಕೆ ಹೋದ ಹುಡುಗಿಯ ಕಾದಂಬರಿ. ಓದು ನಿಂತಲ್ಲಿ ಗುರುತಿಗೆ ಹೊಸ ಭತ್ತದ ಹುಲ್ಲುಕಡ್ಡಿ ಇಡುತ್ತಿದ್ದೆವು.

ಒಂದು ದಿನ ಅಯ್ಯನವರ ಪುಸ್ತಕದ ಹಾಳೆಯಲ್ಲಿ, ನಂಬಿದವರು ಎದ್ದು ನಡೆಯುತ್ತಾರೆ ಎಂದಿತ್ತು. ಅಕ್ಕ ತನ್ನ ಕಾಲು ನೋಡಿಕೊಂಡಳು.

"ನಾನೂ ನಂಬೇನಿ. ಇನ್ನೆಷ್ಟು ನಂಬಬೇಕು? ಅದನ್ನ ಮುಚ್ಚು ತಂಗಿ, ಮೀನಿಂದು ಓದು."

ಸ್ವಲ್ಪ ಕೇಳುವಷ್ಟರಲ್ಲೇ ಅವಳಿಗೆ ದಮ್ಮು ಹತ್ತಿತು. "ಕಡೀ ಹಾಳಿ ಓದಿಬಿಡು," ಅಂದಳು.

"ನಡುವಿಂದು ಬಿಟ್ಟರ ಮಜಾ ಇರಂಗಿಲ್ಲಕ್ಕ. ನಾಳಿ ಓದ್ತೀನಿ."

ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅವ್ವ ಮೊರದಿಂದ ತಲೆ ಎತ್ತಲಿಲ್ಲ. "ಓದವ್ವ. ಆಕಿ ಕೇಳಾಕತ್ತಾಳಲ್ಲ."

ಓದಿದೆ. ಹುಡುಗಿ ತಿರುಗಿ ಬಂದಿದ್ದಳು.

"ಚಲೋ ಆತು, ಮನಿ ಮುಟ್ಯಾಳ," ಎಂದ ಅಕ್ಕ, ಎರಡೂ ಪುಸ್ತಕದ ಕಡ್ಡಿ ತೆಗೆದು ನನ್ನ ಕೈಗಿಟ್ಟಳು.

"ಹೋಗು, ಎಮ್ಮಿಗೆ ಹಾಕು."